ಒರೆಸಿದಷ್ಟೂ ಬೆಳ್ಳಗಾಗುವ ಗೋಡೆ ಟೈಲ್ಸ್: ಗ್ರೌಟ್ ಆದ ಮೇಲಿನ ಬಿಳಿ ಪೊರೆಯ ದೋಷ ಪತ್ತೆ

ಮೇ ತಿಂಗಳ ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. ವಿಜಯಪುರದಲ್ಲಿ ಅವಳ ಹೊಸ ಮನೆಯ ಅಡುಗೆಮನೆ ಗೋಡೆಗೆ ಟೈಲ್ಸ್ ಹಚ್ಚಿ, ಗ್ರೌಟ್ (ಟೈಲ್ಸ್ ನಡುವಿನ ಸಂದು ಮುಚ್ಚುವ ಗಾರೆ) ತುಂಬಿ ನಾಲ್ಕು ದಿನ ಆಗಿತ್ತು. “ತಮ್ಮಾ, ಒರಸಿದಷ್ಟೂ ಬೆಳ್ಳಗ ಆಗಾಕತ್ತೈತಿ ನೋಡು. ಆ್ಯಸಿಡ್ ಹಾಕ್ರಿ ಅಕ್ಕಾರ, ಒಂದ ಏಟಿಗೆ ಹೋಗ್ತೈತಿ ಅಂತ ಗೌಂಡಿ ಅಂದಾನ. ಹಾಕ್ಲ್ಯಾ?”

ನಾನು ಮನೆ ಕಟ್ಟುವ ಕೆಲಸಗಳ ಉಸ್ತುವಾರಿ ನೋಡುವವನು. ಇಂಥ ಫೋನು ತಿಂಗಳಿಗೆ ಎರಡಾದರೂ ಬರುತ್ತವೆ. “ಹಾಕಬ್ಯಾಡ, ನಾ ಬರೂತನಕ ತಡಿ” ಅಂದೆ. ಸಂಜೆ ನಾನು ಹೋಗುವಷ್ಟರಲ್ಲಿ ಅರ್ಧ ಗೋಡೆಗೆ ಆ್ಯಸಿಡ್ ಬಿದ್ದಾಗಿತ್ತು.

ಆ ಗೋಡೆಯ ಕತೆ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಟೈಲ್ಸ್ ಮೇಲೆ ಕಾಣುವ ಬಿಳಿ ಎಲ್ಲ ಒಂದೇ ಅಲ್ಲ. ಗ್ರೌಟಿನ ಸಿಮೆಂಟ್ ಪೊರೆ ಇರಬಹುದು. ಸಿಮೆಂಟ್ ಬದಲು ಅಂಟಿನಿಂದ ಮಾಡಿದ ಎಪಾಕ್ಸಿ ಗ್ರೌಟಿನ ಪದರ ಇರಬಹುದು. ಸಂದಿನಿಂದ ಹೊರಗೆ ಬಂದ ಸುಣ್ಣ ಇರಬಹುದು. ಸವಳು ನೀರಿನ ಉಪ್ಪಿರಬಹುದು. ಅಥವಾ ಆ್ಯಸಿಡ್ ತಿಂದ ಗಾಯ ಇರಬಹುದು. ಎರಡು ಮಾರು ದೂರದಿಂದ ಐದೂ ಒಂದೇ ಥರ ಕಾಣುತ್ತವೆ. ಒಂದಕ್ಕೆ ಔಷಧ ಆದದ್ದು ಇನ್ನೊಂದಕ್ಕೆ ವಿಷ. ಆದ್ದರಿಂದ ಅಂಗಡಿಗೆ ಹೋಗೋ ಮೊದಲು ಗೋಡೆ ಹತ್ತಿರ ಅರ್ಧ ಗಂಟೆ ನಿಲ್ಲಿ.

ಪತ್ತೆ ಮಾಡೋದು ಹೇಗೆ

ಮೊದಲು ಕತ್ತಲಾಗಲಿ. ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಕೆನ್ನೆ ತಾಗಿಸಿದ ಹಾಗೆ ಹಿಡಿದು ಬೆಳಕನ್ನು ಅಡ್ಡ ಹಾಯಿಸಿ. ಹಗಲಲ್ಲಿ ಬರೀ ಮಬ್ಬು ಅನಿಸಿದ್ದು ಈಗ ಆಕಾರವಾಗಿ ಕಾಣುತ್ತದೆ. ಕೈ ಬೀಸಿ ಒರೆಸಿದ ಕಮಾನುಗಳು ಟೈಲ್ಸ್ ತುಂಬ ಕಂಡರೆ ಅದು ಗ್ರೌಟ್ ಪೊರೆ. ಸ್ಪಂಜು ಓಡಾಡಿದ ದಾರಿಯೇ ಒಣಗಿ ನಿಂತಿರುತ್ತದೆ. ಬಿಳಿ ಸಂದಿನ ಗೆರೆಗುಂಟ ಮಾತ್ರ ಇದ್ದು, ಅಲ್ಲಿಂದ ಮೀಸೆಯ ಹಾಗೆ ಆಚೀಚೆ ಹರಡಿದ್ದರೆ ಅದು ಒಳಗಿಂದ ಬಂದ ಸುಣ್ಣ. ನಳದ ಕೆಳಗೆ, ನೀರು ಸಿಡಿಯುವ ಎತ್ತರಕ್ಕೆ, ಹನಿ ಹನಿಯಾಗಿ ಉಂಗುರ ಉಂಗುರವಾಗಿದ್ದರೆ ನೀರಿನ ಉಪ್ಪು. ಮೇಲಿಂದ ಕೆಳಗೆ ಹರಿದ ಧಾರೆಯ ಆಕಾರದಲ್ಲಿ ಹೊಳಪೇ ಹೋಗಿದ್ದರೆ ಯಾರೋ ಏನೋ ಸುರಿದಿದ್ದಾರೆ ಅಂತ ಅರ್ಥ. ಮನೆಯವರನ್ನು ಕೇಳಿದರೆ ಮೊದಲು “ಇಲ್ಲ” ಅಂತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ.

ಎರಡನೆಯದು ಉಗುರು. ಒಂದು ಮೂಲೆಯಲ್ಲಿ ಕೆರೆದು ನೋಡಿ. ಉಗುರಿಗೆ ಹಿಟ್ಟಿನಂಥ ಪುಡಿ ಬಂದರೆ ಸಿಮೆಂಟ್ ಅಥವಾ ಸುಣ್ಣ. ಪುಡಿ ಬಾರದೆ ಉಗುರು ಜಾರಿದರೆ, ಕೈಗೆ ಸ್ವಲ್ಪ ಜಿಗುಟು ಅಥವಾ ಪ್ಲಾಸ್ಟಿಕ್‌ನಂತೆ ಅನಿಸಿದರೆ ಎಪಾಕ್ಸಿ. ಉಗುರಿಗೆ ಏನೂ ಹತ್ತದೆ, ಆದರೂ ಮಂಕಾಗಿಯೇ ಇದ್ದರೆ ಅದು ಮೇಲೆ ಕೂತ ಕೊಳೆ ಅಲ್ಲ. ಟೈಲ್ಸ್ ಮೈಯೇ ಕೆಟ್ಟಿದೆ.

ನೀರು ಹಾಕಿ ನೋಡೋದನ್ನು ಎಲ್ಲರೂ ಮಾಡುತ್ತಾರೆ, ಅದು ಮೋಸದ ಪರೀಕ್ಷೆ. ಒದ್ದೆ ಮಾಡಿದ ಕೂಡಲೇ ಹೆಚ್ಚುಕಡಿಮೆ ಎಲ್ಲ ಬಿಳಿಯೂ ಮಾಯವಾಗುತ್ತದೆ. “ನೋಡ್ರಿ, ಹೋತು” ಅಂತ ಕೆಲಸದವರು ಕೈ ತೊಳೆದುಕೊಂಡು ಹೋಗುತ್ತಾರೆ. ಒಣಗಿದ ಮೇಲೆ ಮತ್ತೆ ಹಾಜರ್. ಆದರೆ ನೀರಿನಿಂದ ಒಂದು ವಿಷಯ ತಿಳಿಯುತ್ತದೆ. ಪಕ್ಕದ ಚೊಕ್ಕ ಟೈಲ್ಸ್ ಮೇಲೆ ಹರಡುವ ಹನಿ ಇಲ್ಲಿ ಮುತ್ತಿನಂತೆ ಗುಂಡಗೆ ನಿಂತರೆ, ಮೇಲೆ ಅಂಟಿನದೋ ಮೇಣದ್ದೋ ಪದರ ಇದೆ. ಹೊಸ ಪಾಲಿಶ್ಡ್ ವಿಟ್ರಿಫೈಡ್ ಟೈಲ್ಸಿಗೆ ಸಾಗಿಸುವಾಗ ಗೀರು ಬೀಳದಿರಲಿ ಅಂತ ಕೆಲವೊಮ್ಮೆ ಮೇಣ ಸವರಿರುತ್ತಾರೆ. ಅದನ್ನು ತೆಗೆಯದೆ ಗ್ರೌಟ್ ತುಂಬಿದರೆ ಮೇಣದ ಮೇಲೆ ಗ್ರೌಟ್ ಕೂರುತ್ತದೆ. ಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು ಅದಕ್ಕೆ.

ಕೊನೆಯದು ಹುಳಿ. ನಮ್ಮ ಜಿಲ್ಲೆಯ ಇಂಡಿ ಕಡೆ ಲಿಂಬೆಗೇ ಹೆಸರು, ಹಾಗಾಗಿ ಈ ಪರೀಕ್ಷೆಗೆ ಯಾರೂ ಅಂಗಡಿಗೆ ಓಡಬೇಕಿಲ್ಲ. ಆದರೆ ಹುಳಿಯನ್ನು ನೇರ ಗೋಡೆಗೆ ಹಿಂಡಬೇಡಿ. ಬ್ಲೇಡಿನಿಂದ ಒಂದು ಚಿಟಿಕೆ ಪುಡಿಯನ್ನು ಗಾಜಿನ ಬಟ್ಟಲಿಗೆ ಕೆರೆದುಕೊಳ್ಳಿ. ಮೇಲೆ ನಾಲ್ಕು ಹನಿ ಲಿಂಬೆರಸ ಬಿಡಿ. ಕಣ್ಣು ಹತ್ತಿರ ಒಯ್ದು ನೋಡಿ. ಪುಡಿಯ ಅಂಚಿನಿಂದ ಸೂಜಿಮೊನೆಯಷ್ಟು ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶ ಇದೆ. ಅಂದರೆ ಸಿಮೆಂಟ್ ಪೊರೆ, ಸಂದಿನ ಸುಣ್ಣ, ಸವಳಿನ ಉಪ್ಪು ಈ ಮೂರರಲ್ಲಿ ಒಂದು. ಮೂರಕ್ಕೂ ಹುಳಿ ಕೆಲಸ ಮಾಡುತ್ತದೆ. ಗುಳ್ಳೆಯೇ ಇಲ್ಲ, ಪುಡಿ ಕರಗುವುದೂ ಇಲ್ಲ ಅಂದರೆ ಎಪಾಕ್ಸಿ ಕಡೆ ಅನುಮಾನ ಪಡಿ. ಅದಕ್ಕೆ ಎಷ್ಟು ಆ್ಯಸಿಡ್ ಸುರಿದರೂ ಟೈಲ್ಸ್ ಮತ್ತು ನಿಮ್ಮ ಮೂಗು ಸುಡುತ್ತವೆಯೇ ಹೊರತು ಪೊರೆ ಹಾಗೇ ಇರುತ್ತದೆ.

ಗೋಡೆಗೆ ಹಚ್ಚಿರೋದು ಟೈಲ್ಸ್ ಅಲ್ಲ, ಕಲ್ಲು ಅಂತಾದರೆ ಹುಳಿಯ ಮಾತೇ ಬೇಡ. ಶಹಾಬಾದ್ ಕಲ್ಲು, ಕಡಪ್ಪ, ಮಾರ್ಬಲ್ ಎಲ್ಲ ಸುಣ್ಣದ ಜಾತಿಯವೇ. ಅಲ್ಲಿ ಗುಳ್ಳೆ ಎದ್ದರೆ ಕರಗುತ್ತಿರೋದು ಕೊಳೆಯಲ್ಲ, ಕಲ್ಲೇ. ಇಳಕಲ್ಲಿನ ಕೆಂಪು ಗ್ರಾನೈಟ್ ಈ ವಿಷಯದಲ್ಲಿ ಗಟ್ಟಿ, ಲಿಂಬೆರಸಕ್ಕೆಲ್ಲ ಜಗ್ಗುವುದಿಲ್ಲ.

ಅಕ್ಕನ ಗೋಡೆ

ಆ್ಯಸಿಡ್ ಬೀಳದ ಅರ್ಧ ಗೋಡೆಗೆ ಟಾರ್ಚ್ ಹಿಡಿದೆ. ಕಮಾನುಗಳು ಚೆನ್ನಾಗಿ ಕಂಡವು. ಅದು ಗ್ರೌಟ್ ಪೊರೆ ಅನ್ನೋದು ಖಚಿತವಾಯಿತು. ಆದರೆ ಕಮಾನಿನ ಮೇಲೆ ಇನ್ನೊಂದು ಥರದ ಕಲೆ ಇತ್ತು, ಬೇಳೆ ಗಾತ್ರದ ಉಂಗುರಗಳು. ನಳ ಇನ್ನೂ ಕೂಡಿಸಿರಲೇ ಇಲ್ಲ. ನೀರು ಸಿಡಿಯೋ ಪ್ರಶ್ನೆಯೇ ಇಲ್ಲ. ಹಾಗಾದರೆ ಉಂಗುರ ಎಲ್ಲಿಂದ ಬಂತು?

“ಯಾವ ನೀರಿಲೆ ಒರಸಿದಿ?” ಅಂತ ಕೇಳಿದೆ.

“ಬೋರಿನ ನೀರಿಲೆ. ಮತ್ಯಾವ ನೀರು ಐತಿ ಇಲ್ಲಿ?”

ಅದೇ ಉತ್ತರ. ಅಕ್ಕಪಕ್ಕದ ಎರಡು ಟೈಲ್ಸ್ ಆರಿಸಿದೆ. ಒಂದನ್ನು ಬೋರಿನ ನೀರಲ್ಲಿ ಅದ್ದಿದ ಬಟ್ಟೆಯಿಂದ, ಇನ್ನೊಂದನ್ನು ಕಾಯಿನ್ ಹಾಕಿ ತುಂಬಿಸಿ ತಂದ ಫಿಲ್ಟರ್ ನೀರಿನ ಬಟ್ಟೆಯಿಂದ ಒರೆಸಿದೆ. ಎರಡನ್ನೂ ಒಣಗಲು ಬಿಟ್ಟು ಚಹಾ ಕುಡಿದೆವು. ಬಂದು ನೋಡಿದರೆ ಫಿಲ್ಟರ್ ನೀರಿನ ಟೈಲ್ಸ್ ಮೇಲೆ ಹಳೆ ಕಮಾನು ಮಾತ್ರ ಉಳಿದಿತ್ತು, ಅದೂ ತೆಳ್ಳಗೆ. ಬೋರಿನ ನೀರಿನ ಟೈಲ್ಸ್ ಮೇಲೆ ಅಂಚಿಗೆ ಸುಣ್ಣ ಎಳೆದ ಹಾಗೆ ಹೊಸ ಗೆರೆ ಕೂತಿತ್ತು. ಅಂದರೆ ನಾಲ್ಕು ದಿನದಿಂದ ಅಕ್ಕ ಒಂದು ಬಿಳಿ ತೆಗೆಯಲು ಹೋಗಿ ಇನ್ನೊಂದು ಬಿಳಿ ಹಚ್ಚುತ್ತಿದ್ದಳು. ಒರೆಸಿದಷ್ಟೂ ಬೆಳ್ಳಗಾಗುವ ರಹಸ್ಯ ಇಷ್ಟೇ. ನಮ್ಮ ಕಡೆ ಬೋರಿನ ನೀರು ಎಷ್ಟು ಗಡಸು ಅನ್ನೋದು ಬಟ್ಟೆ ಒಗೆಯುವಾಗ ಸೋಪು ನೊರೆ ಬಾರದಿದ್ದಾಗಲೇ ಗೊತ್ತಾಗುತ್ತದೆ, ಹಂಡೆಯ ತಳ ನೋಡಿದರೂ ತಿಳಿಯುತ್ತದೆ. ಆದರೂ ಟೈಲ್ಸ್ ಒರೆಸುವಾಗ ಯಾರಿಗೂ ನೆನಪಾಗುವುದಿಲ್ಲ.

ಕೆಳಗಿನ ಗ್ರೌಟ್ ಪೊರೆ ಹೇಗೆ ಬಂತು ಅನ್ನೋದೂ ಸುಲಭವಾಗಿ ಸಿಕ್ಕಿತು. ಮೇ ತಿಂಗಳು, ಹೊರಗೆ 40 ಡಿಗ್ರಿಗಿಂತ ಜಾಸ್ತಿ. ಪಡುವಣ ಕಿಟಕಿ ತೆರೆದೇ ಇತ್ತು, ಬಿಸಿಗಾಳಿ ನೇರ ಗೋಡೆಗೆ ಬಡಿಯುತ್ತಿತ್ತು. ಗ್ರೌಟ್ ಚೀಲದ ಮೇಲೆ ಬರೆದಿರುವ “15ರಿಂದ 30 ನಿಮಿಷ ಬಿಟ್ಟು ಒರೆಸಿ” ಅನ್ನೋದು ಇಂಥ ಬಿಸಿಲಿಗೆ ಬರೆದದ್ದಲ್ಲ. ಇಲ್ಲಿ ಅದರ ಅರ್ಧ ಹೊತ್ತೂ ಸಿಗಲ್ಲ. ಕೆಲಸದ ಹುಡುಗ ಇಡೀ ಗೋಡೆಗೆ ಒಂದೇ ಸಲ ಗ್ರೌಟ್ ಎಳೆದು, ಬೀಡಿ ಸೇದಿ ಬಂದು, ಒಂದೇ ಬಕೀಟಿನ ನೀರಲ್ಲಿ ಇಡೀ ಗೋಡೆ ಒರೆಸಿದ್ದ. ಆ ಬಕೀಟಿನ ನೀರು ನಾಲ್ಕನೇ ಸಲ ಸ್ಪಂಜು ಅದ್ದುವಷ್ಟರಲ್ಲಿ ನೀರಾಗಿ ಉಳಿದಿರಲ್ಲ, ತೆಳ್ಳನೆಯ ಸಿಮೆಂಟ್ ಗಂಜಿ ಆಗಿರುತ್ತದೆ. ಅದನ್ನು ಗೋಡೆಗೆ ಸವರಿದರೆ ಒರೆಸಿದ ಹಾಗಲ್ಲ, ಬಣ್ಣ ಬಳಿದ ಹಾಗೆ.

ಇನ್ನು ಆ್ಯಸಿಡ್ ಬಿದ್ದ ಅರ್ಧ. ಟೈಲ್ಸ್ ಮೈ ಚೊಕ್ಕವಾಗಿತ್ತು, ನಿಜ. ಗೌಂಡಿಯ ಮಾತು ಅಷ್ಟರಮಟ್ಟಿಗೆ ಸುಳ್ಳಲ್ಲ. ಆದರೆ ಸಂದಿನ ಮೇಲೆ ಬೆರಳಾಡಿಸಿದರೆ ಉಸುಕಿನ ಕಾಗದದಂತೆ ಗರಗರ. ಬೂದು ಬಣ್ಣದ ಗ್ರೌಟ್ ಅಲ್ಲಲ್ಲಿ ಮಾಸಿ ಬಿಳಿಚಿತ್ತು. ನಾಲ್ಕೇ ದಿನದ ಗ್ರೌಟ್ ಇನ್ನೂ ಹಸಿ ಮೈ, ಅದಕ್ಕೆ ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಬಿದ್ದರೆ ಸಿಮೆಂಟ್ ಕರಗಿ ಉಸುಕು ಮೇಲೆ ಬರುತ್ತದೆ. ಧಾರೆ ಕೆಳಗಿಳಿದು ಕಡಪ್ಪ ಕಲ್ಲಿನ ಒಲೆಕಟ್ಟೆ ಮೇಲೆ ಹರಿದಿತ್ತು. ಕರ್ರಗೆ ಮಿಂಚುತ್ತಿದ್ದ ಕಲ್ಲಿನ ಮೇಲೆ ಅಂಗೈಯಗಲದ ಬೂದಿ ಬಣ್ಣದ ಕಲೆ. ಮುಟ್ಟಿದರೆ ಒರಟು. ಅದು ಕೊಳೆ ಅಲ್ಲ ಅಂತ ಅಕ್ಕನಿಗೆ ಹೇಳೋದೇ ದೊಡ್ಡ ಕೆಲಸ ಆಯಿತು. ತಿಕ್ಕುತ್ತಲೇ ಇದ್ದಳು.

ಸಿಮೆಂಟ್ ಪೊರೆಗೆ ಏನು ಮಾಡಬೇಕು

ಮೊದಲ ವಾರ ಹತ್ತು ದಿನ ನೀರೂ ಬೇಡ, ಹುಳಿಯೂ ಬೇಡ. ಒಣ ಬಟ್ಟೆ ಸಾಕು. ಹಳೆ ಧೋತರದ ಬಟ್ಟೆಗೆ ಸಮ ಇಲ್ಲ ಇದಕ್ಕೆ. ಮೈಕ್ರೋಫೈಬರ್ ಬಟ್ಟೆಯೂ ಆಗುತ್ತದೆ. ಗ್ರೌಟ್ ಆದ ಮರುದಿನವೇ ತಿಕ್ಕಿದರೆ ಮುಕ್ಕಾಲು ಪೊರೆ ಪುಡಿಯಾಗಿ ಉದುರುತ್ತದೆ. ಬಗ್ಗದಿದ್ದರೆ ಬಿಳಿ ನೈಲಾನ್ ಪ್ಯಾಡ್ ತಗೊಳ್ಳಿ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್, ತಂತಿ ಜುಂಗು ಎರಡೂ ಬೇಡ. ಹೊಳಪಿನ ಟೈಲ್ಸಿಗೆ ಕೂದಲೆಳೆಯಂಥ ಗೀರು ಬೀಳುತ್ತವೆ. ಆಮೇಲೆ ಆ ಗೀರಲ್ಲಿ ಎಣ್ಣೆ ಜಿಡ್ಡು ಕೂತು ಗೋಡೆ ಜೀವನಪೂರ್ತಿ ಮಂಕು.

ಹತ್ತು ದಿನ ಕಳೆದು ಗ್ರೌಟ್ ಗಟ್ಟಿಯಾದ ಮೇಲೂ ಪೊರೆ ಉಳಿದರೆ ಆಗ ವಿನೆಗರ್. 200 ಮಿಲಿ ವಿನೆಗರಿಗೆ 800 ಮಿಲಿ ನೀರು, ಫಿಲ್ಟರ್ ನೀರೇ ಆಗಲಿ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ವಿನೆಗರ್ ಹಚ್ಚುವ ಮೊದಲು ಸಂದುಗಳಿಗೆ ಬರೀ ನೀರು ಕುಡಿಸಿ. ಹೊಟ್ಟೆ ತುಂಬ ನೀರು ಕುಡಿದ ಸಂದು ಹುಳಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಒಣ ಸಂದು ಗಟಗಟ ಕುಡಿದುಬಿಡುತ್ತದೆ. ಮೂರಡಿಗೆ ಮೂರಡಿ ಜಾಗ ಮಾತ್ರ ಒಂದು ಸಲಕ್ಕೆ. ಹಚ್ಚುವಾಗ ಕೆಳಗಿಂದ ಮೇಲೆ ಹೋಗಿ. ಮೇಲಿಂದ ಹಚ್ಚಿದರೆ ಧಾರೆ ಇಳಿದು ಕೆಳಗಿನ ಒಣ ಟೈಲ್ಸ್ ಮೇಲೆ ಗೆರೆ ಬಿಡುತ್ತದೆ. ಐದು ನಿಮಿಷ ಬಿಟ್ಟು ಪ್ಯಾಡಿನಿಂದ ಮೆಲ್ಲಗೆ ತಿಕ್ಕಿ. ತೊಳೆಯುವಾಗ ಮೇಲಿಂದ ಕೆಳಗೆ, ಎರಡು ಸಲ. ಕೊನೆಗೆ ಒಣ ಬಟ್ಟೆಯಿಂದ ಒರೆಸಿ. ತಾನೇ ಒಣಗಲಿ ಅಂತ ಬಿಟ್ಟರೆ ಮಾಡಿದ್ದೆಲ್ಲ ದಂಡ.

ಈಗಿನ ಗ್ರೌಟ್ ಪುಡಿಗಳಲ್ಲಿ ಬಹಳಷ್ಟಕ್ಕೆ ಪಾಲಿಮರ್ (ಪ್ಲಾಸ್ಟಿಕ್ ಜಾತಿಯ ಅಂಟು) ಬೆರೆತಿರುತ್ತದೆ. ಅಂಥ ಪೊರೆ ವಿನೆಗರಿಗೆ ಬಗ್ಗದೆ ಹಟ ಹಿಡಿಯಬಹುದು. ಆಗ ಟೈಲ್ಸ್ ಅಂಗಡಿಯಲ್ಲಿ ಸಲ್ಫಾಮಿಕ್ ಆ್ಯಸಿಡ್ ಇರುವ ಕ್ಲೀನರ್ ಕೇಳಿ. ಪುಡಿ ರೂಪದಲ್ಲಿ ಬರುತ್ತದೆ, ಹೈಡ್ರೋಕ್ಲೋರಿಕ್‌ನಷ್ಟು ಹೊಗೆ ಇಲ್ಲ. ಎಷ್ಟು ನೀರಿಗೆ ಎಷ್ಟು ಅನ್ನೋದು ಪ್ಯಾಕೆಟ್ ಮೇಲೆ ಇರುತ್ತದೆ, ಅದನ್ನೇ ಪಾಲಿಸಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರು ಸುರಿಯಬಾರದು. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಯಾವ ಆ್ಯಸಿಡೂ ಬೇಡವೇ ಬೇಡ. ಎರಡೂ ಕೂಡಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಮನೆಯಲ್ಲಿ ಅದು ಜೀವಕ್ಕೇ ಅಪಾಯ.

ಅಕ್ಕನ ಗೋಡೆಯ ಉಳಿದ ಅರ್ಧಕ್ಕೆ ವಿನೆಗರ್ ಸಾಕಾಯಿತು. ಒಲೆ ಹಿಂದಿನ ಆರೇಳು ಟೈಲ್ಸಿಗೆ ಮಾತ್ರ ಸಲ್ಫಾಮಿಕ್ ಬೇಕಾಯಿತು. ಆ್ಯಸಿಡ್ ಬಿದ್ದಿದ್ದ ಭಾಗಕ್ಕೆ ಅದೇ ದಿನ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ತೊಳೆದು, ಉಳಿದ ಹುಳಿ ಸಾಯಿಸಿದ್ದೆ. ಸವೆದ ಸಂದುಗಳನ್ನು ಮಾತ್ರ ಕೆರೆದು ಮತ್ತೆ ತುಂಬಬೇಕಾಯಿತು. ಮೇಲಿಂದ ಮೇಲೆ ತೆಳ್ಳಗೆ ಸವರಿದರೆ ನಿಲ್ಲಲ್ಲ, ಹಪ್ಪಳದಂತೆ ಎದ್ದು ಬರುತ್ತದೆ. ಆಳದ ಮೂರರಲ್ಲಿ ಎರಡು ಭಾಗವಾದರೂ ಕೆರೆಯಬೇಕು.

ತೊಳೆದರೆ ಹೋಗಿ, ಮತ್ತೆ ಬರುವ ಬಿಳಿ

ಗ್ರೌಟ್ ಆಗಿ ಎರಡು ಮೂರು ವಾರದ ಮೇಲೆ ಸಂದಿನ ಗುಂಟ ಬಿಳಿ ಹಿಟ್ಟು ಕಾಣಿಸಿತು, ಒರೆಸಿದರೆ ಹೋಯಿತು, ವಾರಕ್ಕೆ ಮತ್ತೆ ಬಂತು. ಇದು ಟೈಲ್ಸ್ ದೋಷ ಅಲ್ಲ, ಗ್ರೌಟಿನದೂ ಅಲ್ಲ. ಗೋಡೆಯೊಳಗೆ ನೀರಿದೆ. ಸಿಮೆಂಟಿನಲ್ಲಿರುವ ಸುಣ್ಣವನ್ನು ಆ ನೀರು ಕರಗಿಸಿಕೊಂಡು ಸಂದಿನ ಮೂಲಕ ಹೊರಗೆ ಬರುತ್ತದೆ. ನೀರು ಆರಿಹೋಗುತ್ತದೆ. ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗುತ್ತದೆ. ತಮಾಷೆ ನೋಡಿ, ಸುಣ್ಣ ಗಾಳಿ ಕುಡಿದು ಕಲ್ಲಾಗುವ ಇದೇ ಗುಣವನ್ನು ನಂಬಿ ಆದಿಲ್‌ಶಾಹಿ ಕಾಲದವರು ಗಚ್ಚು ಹಾಕಿ ಗೋಲ್ ಗುಮ್ಮಟ ಎಬ್ಬಿಸಿದರು. ಅಲ್ಲಿ ಅದು ಗುಮ್ಮಟ ಹಿಡಿದು ನಿಲ್ಲಿಸಿದೆ, ನಮ್ಮ ಬಚ್ಚಲಮನೆಯಲ್ಲಿ ತಲೆನೋವು ಕೊಡುತ್ತಿದೆ.

ಇದಕ್ಕೆ ಹುಳಿ ಹಚ್ಚಿ ತೊಳೆಯೋದು ತಾತ್ಕಾಲಿಕ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಗೋಡೆಯ ಹಿಂದೆ ಬಚ್ಚಲಿದೆಯಾ, ಮೇಲೆ ಟ್ಯಾಂಕಿದೆಯಾ, ಪೈಪಿನ ಜಾಯಿಂಟ್ ಜಿನುಗುತ್ತಿದೆಯಾ? ರಾತ್ರಿ ಎಲ್ಲ ನಳ ಬಂದ್ ಮಾಡಿ, ಟ್ಯಾಂಕಿನಲ್ಲಿ ನೀರು ಎಲ್ಲಿವರೆಗಿದೆ ಅಂತ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಸೋರಿಕೆ ಇದೆ. ಇಳಿಯದೆ, ಹೊಸ ಗೋಡೆಯ ತೇವ ಮಾತ್ರ ಆಗಿದ್ದರೆ ತಾನಾಗಿಯೇ ಕಡಿಮೆಯಾಗುತ್ತ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಅವಸರಪಟ್ಟು ಸಂದಿಗೆ ಸೀಲರ್ (ನೀರು ತಡೆಯುವ ಲೇಪ) ಹೊಡೆದು ಬಾಯಿ ಮುಚ್ಚಬೇಡಿ. ಒಳಗಿನ ನೀರಿಗೂ ಹೊರಗೆ ಹೋಗಲು ದಾರಿ ಬೇಕಲ್ವಾ.

ಎಪಾಕ್ಸಿ ಆದರೆ

ಎರಡು ಮೂರು ಡಬ್ಬಿ ಕಲಸಿ ಮಾಡುವ ಗ್ರೌಟ್ ಹಾಕಿಸಿದ್ದರೆ ಅದು ಎಪಾಕ್ಸಿ. ಸಂದಿಗೆ ಬಹಳ ಒಳ್ಳೆಯದು, ಕಲೆ ಹಿಡಿಯಲ್ಲ. ಆದರೆ ಬಿಸಿಲಲ್ಲಿ ಬೇಗ ಬಿಗಿಯುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿಸಿ. ಒಂದು ದಿನದೊಳಗೆ ಪೊರೆ ಕಂಡರೆ ಉಗುರುಬೆಚ್ಚಗಿನ ನೀರು, ಪಾತ್ರೆ ಲಿಕ್ವಿಡ್, ಬಿಳಿ ಪ್ಯಾಡ್ ಇಷ್ಟರಲ್ಲೇ ಬಹುಪಾಲು ಹೋಗುತ್ತದೆ. ದಿನ ದಾಟಿದರೆ ಅದೇ ಕಂಪನಿಯ ಎಪಾಕ್ಸಿ ಕ್ಲೀನರ್ ತರಿಸಿ. ಹೊಳಪಿನ ಸೆರಾಮಿಕ್ ಮೇಲಿನ ದಪ್ಪ ಕಲೆಯನ್ನು ಒದ್ದೆ ಮಾಡಿ, ಬ್ಲೇಡನ್ನು ಮಲಗಿಸಿ ಹಿಡಿದು ಎತ್ತಬಹುದು. ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಮೇಲೆ ಬ್ಲೇಡ್ ಬೇಡ.

ಮ್ಯಾಟ್ ಟೈಲ್ಸ್ ಅಂದ ಕೂಡಲೇ ಇನ್ನೊಂದು ನೆನಪಾಯಿತು. ತಿಳಿ ಬಣ್ಣದ ಒರಟು ಟೈಲ್ಸಿಗೆ ಕಡು ಬಣ್ಣದ ಗ್ರೌಟ್ ಹಾಕಿಸುವ ಫ್ಯಾಷನ್ ಈಗ ಜಾಸ್ತಿ. ಬಣ್ಣ ಸಣ್ಣ ತೂತುಗಳಿಗೆ ಇಳಿದರೆ ಪೂರ್ತಿ ತೆಗೆಯೋದು ಕಷ್ಟ. ಮಿಕ್ಕ ಒಂದು ಟೈಲ್ಸ್ ತುಂಡಿನ ಮೇಲೆ ಮೊದಲೇ ಗ್ರೌಟ್ ಸವರಿ, ಒರೆಸಿ ನೋಡಿ. ಕಲೆ ಉಳಿದರೆ ಗ್ರೌಟ್ ತುಂಬುವ ಮುಂಚೆಯೇ ಟೈಲ್ಸಿಗೆ ಸೀಲರ್ ಹಚ್ಚಿಸಿ.

ಆಮೇಲೆ

ಬಚ್ಚಲಮನೆಯ ಗೋಡೆಗೆ ಗ್ರೌಟ್ ತುಂಬೋದು ಬಾಕಿ ಇತ್ತು. ಈ ಸಲ ಬೆಳಗ್ಗೆ ಆರಕ್ಕೇ ಶುರು ಮಾಡಿಸಿದೆ. ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಟ್ಟೆವು. ನಾಲ್ಕು ನಾಲ್ಕಡಿ ಮಾತ್ರ ತುಂಬೋದು, ಬೆರಳಿಟ್ಟರೆ ಅಂಟದಷ್ಟು ಬಿಗಿದ ಕೂಡಲೇ ಒರೆಸೋದು. ಮೂರು ಬಕೀಟು: ಒಂದರಲ್ಲಿ ಸ್ಪಂಜು ಜಾಲಾಡಿಸಿ, ಇನ್ನೊಂದರಲ್ಲಿ ತೊಳೆದು, ಮೂರನೆಯದರ ಫಿಲ್ಟರ್ ನೀರಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ಸಂದಿಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯೋದು. ಸಂದಿನ ಗುಂಟ ನೇರ ಎಳೆದರೆ ಹಸಿ ಗ್ರೌಟ್ ತೋಡಿ ಬರುತ್ತದೆ. ಸ್ಪಂಜಿನ ಒಂದು ಮಗ್ಗುಲಿಗೆ ಒಂದೇ ಎಳೆತ, ಆಮೇಲೆ ತೊಳಿ. “ಹಿಂಗ ಮಾಡಿದ್ರ ಸಂಜಿ ಆಕ್ಕೈತ್ರಿ” ಅಂತ ಹುಡುಗ ಗೊಣಗಿದ. ಹತ್ತೂವರೆಗೆ ಮುಗಿಯಿತು.

ಮರುದಿನ ಅಕ್ಕ ಧೋತರದ ಬಟ್ಟೆ ಹಿಡಿದು ಗೋಡೆ ಪೂರ್ತಿ ತಿಕ್ಕಿ, ಅಂಗೈ ಸವರಿ ನೋಡಿಕೊಂಡಳು. ಕೈಗೆ ಏನೂ ಹತ್ತಲಿಲ್ಲ. ಒಲೆಕಟ್ಟೆಯ ಕಡಪ್ಪದ ಮೇಲಿನ ಬೂದಿ ಕಲೆ ಮಾತ್ರ ಹಾಗೇ ಇದೆ. ಮತ್ತೆ ಪಾಲಿಶ್ ಹಿಡಿಸಬೇಕು, ಬರೀ ಒಂದು ಅಂಗೈಯಗಲಕ್ಕೆ ಮಷಿನ್ ತಗೊಂಡು ಯಾರೂ ಬರಲ್ಲ ಅಂತಾರೆ. ಸದ್ಯ ಅದರ ಮೇಲೆ ಮಿಕ್ಸರ್ ಇಟ್ಟಿದ್ದಾಳೆ.